ಗಂಟಲಕ್ಕ ಹೊಳೆ ಖಾಲಿ ಮಾಡಿಸಿದ್ದು

ಅವಳಿಗೆ ಹೆತ್ತವರು ಇಟ್ಟ ಹೆಸರೊಂದು ಇದೆ. ಮತದಾರರ ಪಟ್ಟಿಯಲ್ಲಿ ಅದು ಇದ್ದೀತು. ಊರಿಗೆ ಮಾತ್ರ ಅವಳು ಗಂಟಲಕ್ಕ. ಮನೆಯೊಳಗೆ ಊಟಕ್ಕೆ ಕೂತು ಗಂಡನಿಗೆ "ಉಪ್ಪು ಕೊಡಿ" ಅಂದರೆ ಪಕ್ಕದ ಮನೆಯವರು ಉಪ್ಪಿನ ಡಬ್ಬಿ ಹಿಡಿದು ಬಾಗಿಲಿಗೆ ಬರುತ್ತಿದ್ದರು. ಅವಳ ಬಾಯಲ್ಲಿ ಗುಟ್ಟು ನಿಲ್ಲುವುದಿಲ್ಲವೆಂದು ಎಲ್ಲರಿಗೂ ಗೊತ್ತಿದ್ದುದರಿಂದ ಯಾರೂ ಅವಳಿಗೆ ಗುಟ್ಟು ಹೇಳುತ್ತಿರಲಿಲ್ಲ. ಹಾಗಾಗಿ ಯಾರ ಮೇಲೂ ಚಾಡಿ ಹೇಳದ ಹೆಂಗಸು ಎಂಬ ಒಳ್ಳೆಯ ಹೆಸರು ಅವಳಿಗೆ ಪುಕ್ಕಟೆಯಾಗಿ ಸಿಕ್ಕಿತ್ತು.

ಈ ಗಂಟಲು ನಮ್ಮ ಚಳವಳಿಯ ಆಸ್ತಿ. ಹೊಳೆಗೆ ಅಣೆಕಟ್ಟು ಕಟ್ಟುತ್ತೇವೆ, ನಿಮ್ಮ ಊರು ಮುಳುಗುತ್ತದೆ, ಎದ್ದು ಹೋಗಿ ಎಂದು ಇಲಾಖೆಯವರು ಬಂದು ಹೇಳಿದಾಗ ನಾವು ಹೋಗಲಿಲ್ಲ. ಹೊಳೆಗೆ ಇಳಿದು ಕೂತೆವು. ವರ್ಷಗಟ್ಟಲೆ ಕೂತೆವು. ಮೈಕು ಬಾಡಿಗೆಗೆ ತರುವ ಯೋಗ್ಯತೆ ನಮಗೆ ಇರಲಿಲ್ಲ, ಅದರ ಅಗತ್ಯವೂ ಬೀಳಲಿಲ್ಲ. ಗಂಟಲಕ್ಕ ದಡದ ಮೇಲೆ ನಿಂತು ಒಂದು ಸಲ "ಹೋ..." ಎಂದು ಕೂಗಿದರೆ ಸಾಕು, ಜನ ಒಲೆಯ ಮೇಲಿನ ಪಾತ್ರೆ ಇಳಿಸಿ, ಅರ್ಧ ಬೋಳಿಸಿದ ಗಡ್ಡವನ್ನು ಹಾಗೇ ಬಿಟ್ಟು, ಹೊಳೆಗೆ ಓಡಿಬಂದು ಸಾಲಾಗಿ ಕೂತುಬಿಡುತ್ತಿದ್ದರು. ಪೊಲೀಸರು ಕೈಮೈಕಿನಲ್ಲಿ "ಜಾಗ ಖಾಲಿ ಮಾಡಿ" ಅನ್ನುವರು. ಇವಳು ನಮ್ಮ ಕಡೆ ತಿರುಗಿ "ಮಾಡ್ತೀವಾ?" ಅನ್ನುವಳು. ನಾವು "ಮಾಡೋದಿಲ್ಲ!" "ಏಳ್ತೀವಾ?" "ಏಳೋದಿಲ್ಲ!" ನಮ್ಮ ಮಕ್ಕಳು ಅಕ್ಷರ ಕಲಿಯುವ ಮೊದಲು ಇದನ್ನು ಕಲಿತವು. ಒಂದು ಮನೆಯಲ್ಲಂತೂ ಬೆಳಗ್ಗೆ ತಾಯಿ "ಏಳೋ, ಹೊತ್ತಾಯ್ತು" ಅಂದರೆ ಹೊದಿಕೆಯೊಳಗಿಂದ ಮುಷ್ಟಿಯೊಂದು ಮೇಲೆ ಬರುತ್ತಿತ್ತು.

ಕೊನೆಗೆ ಸೋತೆವು. ಅದನ್ನು ಸುತ್ತಿ ಬಳಸಿ ಹೇಳಿ ಪ್ರಯೋಜನವಿಲ್ಲ. ಅಣೆಕಟ್ಟು ಎದ್ದಿತು, ಊರು ಹೋಯಿತು. ನಮ್ಮನ್ನು ಅಣೆಕಟ್ಟಿನ ಕೆಳಗಿನ ಹೊಸ ಬಡಾವಣೆಗೆ ಮರಳು ಸುರಿದಂತೆ ತಂದು ಸುರಿದರು. ಆಮೇಲೆ ನೋಡಿದರೆ, ಮುಳುಗುತ್ತದೆ ಎಂದು ಬಿಡಿಸಿದ ಊರಿನಲ್ಲಿ ವರ್ಷದ ಬಹುಪಾಲು ನೀರೇ ಇಲ್ಲ! ನಮ್ಮ ಹಳೆಯ ಶಾಲೆಯ ಮೆಟ್ಟಿಲ ಮೇಲೆ ಮೇಕೆಗಳು ಮಲಗಿರುತ್ತಿದ್ದವು. ಹೊಟ್ಟೆ ಉರಿಯದೆ ಇರುತ್ತದೆಯೇ? ಜನ ಇಲಾಖೆಗೆ ಹೋಗಿ ಜಗಳ ತೆಗೆದರು. ಅಲ್ಲಿ ಅಣೆಕಟ್ಟಿನ ಸುರಕ್ಷತೆ ನೋಡಿಕೊಳ್ಳಲು ಒಬ್ಬ ಎಂಜಿನಿಯರ್ ಮೇಡಂ ಹೊಸದಾಗಿ ಬಂದಿದ್ದರು. ಸಣ್ಣ ಆಳು, ದೊಡ್ಡ ಕನ್ನಡಕ. ಸಿಟ್ಟಾಗಲಿಲ್ಲ.

"ಇದು ನೀರು ಕೂಡಿಡೋ ಕಟ್ಟೆ ಅಲ್ಲ, ನೆರೆ ತಡೆಯೋ ಕಟ್ಟೆ. ಸೋರೋ ಮಾಡಿನ ಕೆಳಗೆ ಬಕೆಟ್ ಇಡ್ತೀರಲ್ಲ, ತುಂಬಿಸಿ ಇಡ್ತೀರಾ, ಖಾಲಿ ಇಡ್ತೀರಾ?"

"ಖಾಲಿ."

"ಇದೂ ಅಷ್ಟೇ. ಖಾಲಿ ಇದ್ದರೇನೇ ಕೆಲಸ ಮಾಡ್ತಿದೆ ಅಂತ ಅರ್ಥ."

"ಹಾಗಾದ್ರೆ ನಮ್ಮ ಊರನ್ನ ಬಕೆಟ್ಟಿಗೋಸ್ಕರ ಎಬ್ಬಿಸಿದ್ರಾ?" ಎಂದು ಯಾರೋ ಕೇಳಿದರು. ಮೇಡಂ ಕನ್ನಡಕ ತೆಗೆದು ಒರೆಸಿಕೊಂಡರು.

ಹೊಸ ಬಡಾವಣೆಯಲ್ಲಿ ರಸ್ತೆಗಳೆಲ್ಲ ನೆಟ್ಟಗೆ. ಆದರೆ ಒಂದು ಸೊಪ್ಪಿನ ಬುಟ್ಟಿ ಇಟ್ಟು ಕೂರಲು ಜಾಗವಿಲ್ಲ. ನಕ್ಷೆ ಬರೆದವನಿಗೆ ಮನುಷ್ಯರು ತರಕಾರಿ ಕೊಳ್ಳುತ್ತಾರೆ, ಚಹಾ ಕುಡಿಯುತ್ತಾರೆ, ಚಪ್ಪಲಿ ಹರಿದುಕೊಳ್ಳುತ್ತಾರೆ ಎಂಬುದು ಹೊಳೆದೇ ಇರಲಿಲ್ಲ. ಪಕ್ಕದಲ್ಲೇ ಹೊಳೆ ಒಣಗಿ ಚಾಪೆ ಹಾಸಿದಂತೆ ಬಿದ್ದಿತ್ತು. ನೆರೆಯೆಲ್ಲ ಅಣೆಕಟ್ಟಿನ ಹಿಂದೆ ನಿಲ್ಲುತ್ತಿದ್ದುದರಿಂದ ನಡುವೆ ಒಂದು ಸಣ್ಣ ಕಾಲುವೆಯಷ್ಟು ನೀರು ಹರಿದರೆ ಹೆಚ್ಚು. ಮೊದಲು ಒಬ್ಬ ತಳ್ಳುಗಾಡಿ ಇಳಿಸಿದ. ವರ್ಷ ತುಂಬುವುದರೊಳಗೆ ಅದು ಹೊಳೆ ಮಾರ್ಕೆಟ್ಟು ಆಯಿತು. ತರಕಾರಿಯವರು, ಹಳೆ ಕಬ್ಬಿಣದವರು, ಚಪ್ಪಲಿ ಹೊಲಿಯುವವನು, ಬಟ್ಟೆ ಒಗೆಯುವವನು, ಎಲ್ಲರೂ ಅಲ್ಲೇ. ಅಣೆಕಟ್ಟು ಕಿತ್ತುಕೊಂಡ ಜಾಗಕ್ಕೆ ಬದಲಾಗಿ ಅಣೆಕಟ್ಟೇ ಒಣಗಿಸಿ ಕೊಟ್ಟ ಜಾಗ ಎಂದು ನಾವು ಅದನ್ನು ಹಕ್ಕಿನಿಂದ ಬಳಸಿದೆವು.

ಗಂಟಲಕ್ಕನ ನಾದಿನಿ ಅಲ್ಲಿ ಚಹಾದ ಅಂಗಡಿ ಇಟ್ಟಳು. ಗಂಟಲಕ್ಕನ ಗಂಡ ಬೀಗ ರಿಪೇರಿಯ ಗಾಡಿ ಇಟ್ಟ. ಈ ಗಂಡನ ಬಗ್ಗೆ ಎರಡು ಮಾತು ಹೇಳಲೇಬೇಕು. ಅವಳು ಊರಿಗೆಲ್ಲ ಅಕ್ಕ ಆದಮೇಲೆ ಅವನು ಊರಿಗೆಲ್ಲ ಭಾವ ಆಗಲೇಬೇಕಲ್ಲ. ನಾವು ಅವನನ್ನು ಕಾನೂನು ಭಾವ ಅನ್ನುತ್ತಿದ್ದೆವು. ಚಳವಳಿಯ ಅಷ್ಟೂ ವರ್ಷಗಳಲ್ಲಿ ಹೊಳೆಗೆ ಇಳಿಯದ ಒಬ್ಬನೇ ಗಂಡಸು ಅವನು. ಹೆಂಡತಿ ಹೊಳೆಯಲ್ಲಿ ಕೂಗುತ್ತಿದ್ದಾಗ ಇವನು ದಡದ ಮೇಲೆ, ಪೊಲೀಸರು ಗೆರೆ ಎಳೆದ ಕಡೆಯಿಂದ ಸ್ವಲ್ಪ ಹಿಂದೆಯೇ ನಿಂತಿರುತ್ತಿದ್ದ. "ನಾನು ಬೀಗದವನು. ಮುಚ್ಚಿದ್ದನ್ನ ಒಡೆಯೋರ ಜೊತೆ ನಂಟು ಇಟ್ಟುಕೊಂಡ್ರೆ ನನ್ನ ಹತ್ತಿರ ಯಾರು ಬೀಗ ಕೊಡ್ತಾರೆ?" ಎನ್ನುವುದು ಅವನ ವಾದ. ಅವಳನ್ನು ಬಂಧಿಸಿ ವ್ಯಾನು ಹತ್ತಿಸಿದಾಗ ಊಟದ ಡಬ್ಬಿ ತಂದುಕೊಟ್ಟು, ಪೊಲೀಸನಿಗೆ ನಮಸ್ಕಾರ ಹೊಡೆದು ಹೋಗುತ್ತಿದ್ದ.

ಅಣೆಕಟ್ಟು ಮುಗಿದು ಕೆಲವು ವರ್ಷಗಳಾದ ಮೇಲೆ ಇಲಾಖೆಗೆ ಒಬ್ಬ ಕೂಗುವ ಆಳು ಬೇಕಾಯಿತು. ನೀರು ಬಿಡುವ ಮುಂಚೆ ವ್ಯಾನಿನಲ್ಲಿ ಹೊಳೆಯ ಉದ್ದಕ್ಕೂ ಹೋಗಿ ಜನರನ್ನು ಎಚ್ಚರಿಸಬೇಕು. ಮೊದಲು ಸೈರನ್ ಇತ್ತು. ಅದನ್ನು ವಾರಕ್ಕೊಮ್ಮೆ ಪರೀಕ್ಷೆಗೆಂದು ಒದರಿಸಿ ಒದರಿಸಿ, ಸೈರನ್ ಆದರೆ ಚಹಾದ ಹೊತ್ತಾಯಿತು ಎಂದು ಜನ ನಾದಿನಿಯ ಅಂಗಡಿಗೆ ನುಗ್ಗುತ್ತಿದ್ದರು. ಮನುಷ್ಯರ ದನಿಯೇ ಮೇಲು ಎಂದು ಮೇಡಂ ಹೇಳಿದರು. ಗಂಟಲಕ್ಕ ಸಂದರ್ಶನಕ್ಕೆ ಹೋದಳು. ಒಳಗೆ ಬಂದು "ನಮಸ್ಕಾರ" ಅಂದದ್ದೇ ತಡ, ಮೂಲೆಯಲ್ಲಿದ್ದ ಹಳೆಯ ಗುಮಾಸ್ತರೊಬ್ಬರು ಮೇಜಿನ ಕೆಳಗೆ ಬಗ್ಗಿದರಂತೆ. ವರ್ಷಗಟ್ಟಲೆ ಆ ದನಿಯ ಹಿಂದೆಯೇ ಕಲ್ಲು ಬರುತ್ತಿತ್ತಲ್ಲ. ಕೆಲಸ ಅವಳಿಗೇ ಆಯಿತು.

ನಮ್ಮ ಸಂಘಟನೆಯ ಹಳಬರು ಸಭೆ ಕರೆದರು. ದ್ರೋಹ, ಮಾರಾಟ, ಇತ್ಯಾದಿ. ಗಂಟಲಕ್ಕ ಹಿಂದಿನ ಸಾಲಿನಲ್ಲಿ ಕೂತು ಎಲ್ಲ ಕೇಳಿಸಿಕೊಂಡು ಎದ್ದಳು. "ಕಟ್ಟಬೇಡಿ ಅಂತ ಕೂಗಿದೆ, ಕಟ್ಟಿದ್ರು. ಈಗ ಕೊಚ್ಚಿಕೊಂಡು ಹೋಗಬೇಡಿ ಅಂತ ಕೂಗ್ತೀನಿ. ಕೆಳಗಡೆ ಇರೋದು ನಿಮ್ಮ ತಲೆಗಳೇ ಕಣ್ರಪ್ಪಾ. ಬೇಡ ಅಂದ್ರೆ ಹೇಳಿ, ನಿಮ್ಮ ಮನೆ ಹತ್ತಿರ ಬಂದಾಗ ಮೈಕು ಆಫ್ ಮಾಡ್ತೀನಿ." ಸಭೆ ಮುಗಿಯಿತು.

ಈಗ ನಿಜವಾದ ತೊಂದರೆಗೆ ಬರೋಣ. ಅಣೆಕಟ್ಟಿಗೆ ಮೂರು ಗೇಟು. ಅದರಲ್ಲಿ ನಡುವಿನದು ಮೊಂಡು. ಅರ್ಧ ಎದ್ದು ಅಲ್ಲೇ ನಿಂತುಬಿಡುತ್ತಿತ್ತು, ಮೇಲೆಯೂ ಇಲ್ಲ, ಕೆಳಗೂ ಇಲ್ಲ. ಅದನ್ನು ಸರಿಪಡಿಸುವ ತನಕ ಹಿಂದೆ ನೀರು ಹೆಚ್ಚು ನಿಲ್ಲಿಸಬಾರದೆಂದು ಸುರಕ್ಷತಾ ಸಮಿತಿ ಹೇಳಿತು. ಗೋಡೆಯ ಮೇಲೆ ಕೆಂಪು ಗೆರೆ ಎಳೆದರು. ನೀರು ಆ ಗೆರೆ ಮುಟ್ಟುವ ಮೊದಲು ಉಳಿದೆರಡು ಗೇಟು ತೆಗೆದು ಹೊಳೆಗೆ ಬಿಡಬೇಕು. ಹೊಳೆಗೆ ಅಂದರೆ ಎಲ್ಲಿಗೆ? ಮಾರ್ಕೆಟ್ಟಿಗೆ.

ಸಮಿತಿಯವರು ದಡದ ಮೇಲೆ ನಿಂತು ಮಾರ್ಕೆಟ್ಟು ನೋಡಿ ತಲೆಯ ಮೇಲೆ ಕೈ ಹೊತ್ತರು. ಇದನ್ನು ಎಬ್ಬಿಸಿ, ಇಡೀ ಹೊಳೆಗೆ ಬೇಲಿ ಹಾಕಿ ಎಂದರು. ಮೇಡಂ ಅವರೊಡನೆ ವಾದ ಮಾಡಿ ಒಂದು ಅವಕಾಶ ತಂದರು. ಎಚ್ಚರಿಕೆ ಕೊಟ್ಟ ಒಂದು ಗಂಟೆಯೊಳಗೆ ಹೊಳೆ ಪೂರ್ತಿ ಖಾಲಿಯಾಗಬೇಕು. ಒಬ್ಬ ಮನುಷ್ಯನೂ ಉಳಿಯಬಾರದು. ಹಾಗಾದರೆ ಮಾರ್ಕೆಟ್ಟು ಉಳಿಯುತ್ತದೆ, ಇಲ್ಲವಾದರೆ ಬೇಲಿ.

"ನಿಮ್ಮ ಕೈಲಿ ಆಗುತ್ತಾ ಅಕ್ಕಾ?" ಎಂದು ಮೇಡಂ ಕೇಳಿದರು.

"ನನ್ನ ದನಿಗೆ ಈ ಜನ ಪೊಲೀಸರ ಲಾಠಿ ಮುಂದೆ ಬಂದು ಕೂತಿದ್ದಾರೆ ಮೇಡಂ. ಎದ್ದು ಹೋಗೋದೇನು ಮಹಾ?"

ಅಣಕು ಕಾರ್ಯಾಚರಣೆಗೆ ದಿನ ಗೊತ್ತಾಯಿತು. ಬೆಳಗಿನ ಹೊತ್ತು, ಮಾರ್ಕೆಟ್ಟು ತುಂಬಿತ್ತು. ನಾನೂ ನಾದಿನಿಯ ಅಂಗಡಿಯಲ್ಲಿ ಚಹಾ ಕುಡಿಯುತ್ತಿದ್ದೆ. ದಡದ ಮೇಲೆ ವ್ಯಾನು ಬಂದು ನಿಂತಿತು. ಸಮಿತಿಯವರು ಮರದ ನೆರಳಲ್ಲಿ ಕುರ್ಚಿ ಹಾಕಿಸಿಕೊಂಡು ಕೂತರು. ಡ್ರೈವರ್ ಕಿವಿಗೆ ಹತ್ತಿ ಇಟ್ಟುಕೊಂಡ. ಗಂಟಲಕ್ಕ ಮೈಕು ಹಿಡಿದು ಗಂಟಲು ಸರಿಮಾಡಿಕೊಂಡು, ಅಭ್ಯಾಸಬಲದಿಂದ ಮೊದಲು "ಹೋ..." ಅಂದಳು.

ಅಷ್ಟೇ. ಆಗಿದ್ದು ಏನೆಂದರೆ, ಬಡಾವಣೆಯ ಮನೆಮನೆಗಳಿಂದ ಜನ ಹೊರಗೆ ಬಂದು ಹೊಳೆಯ ಕಡೆಗೆ ಓಡಿದರು. ಕೈಯಲ್ಲಿ ಸೌಟು ಹಿಡಿದವರು, ಬನಿಯನ್ನಿನಲ್ಲಿದ್ದವರು, ಊರುಗೋಲು ಊರಿಕೊಂಡ ಮುದುಕರು. ಇಳಿಜಾರು ಇಳಿದು ಮಾರ್ಕೆಟ್ಟಿನ ನಡುವೆ ಸಾಲಾಗಿ ಕೂತರು. ಮಾರುವವರು ತಕ್ಕಡಿ ಬಿಟ್ಟು ಬಂದು ಅವರ ಹಿಂದೆ ಕೂತರು. ನನ್ನ ಕೈಯಲ್ಲಿ ಲೋಟ ಇತ್ತು, ನೋಡಿದರೆ ನಾನೂ ಕೂತಿದ್ದೆ. ಕಾಲುಗಳು ತಾವಾಗಿಯೇ ಮಡಚಿಕೊಂಡಿದ್ದವು.

"ಅಯ್ಯೋ, ಕೂರಬೇಡ್ರೋ!" ಎಂದು ಗಂಟಲಕ್ಕ ಮೈಕಿನಲ್ಲಿ ಕೂಗಿದಳು. "ಜಾಗ ಖಾಲಿ ಮಾಡಿ!"

"ಮಾಡೋದಿಲ್ಲ!" ಎಂದಿತು ಇಡೀ ಹೊಳೆ.

"ಎದ್ದೇಳ್ರೀ!"

"ಏಳೋದಿಲ್ಲ!"

"ನಿಮ್ಮ ಮನೆ ಹಾಳಾಗ, ನಾನು ಕಣ್ರೋ ಹೇಳ್ತಿರೋದು!"

ಇದಕ್ಕೆ ಹಳೆಯ ಘೋಷಣೆಗಳಲ್ಲಿ ಉತ್ತರ ಇರಲಿಲ್ಲವಾದ್ದರಿಂದ ಜನ ಚಪ್ಪಾಳೆ ಹೊಡೆದರು. ಒಂದು ಗಂಟೆ ಮುಗಿಯುವ ಹೊತ್ತಿಗೆ ಹೊಳೆಯಲ್ಲಿ ಮೊದಲಿಗಿಂತ ದುಪ್ಪಟ್ಟು ಜನ ಇದ್ದರು. ಮರದ ನೆರಳಲ್ಲಿ ಸಮಿತಿಯವರೊಬ್ಬರು ಮೇಡಂ ಕಡೆ ಬಗ್ಗಿ, "ಈ ಊರಿನಲ್ಲಿ ಎಚ್ಚರಿಕೆ ಕೊಡದೇ ಇರೋದೇ ಸುರಕ್ಷಿತ" ಎಂದರು. ಆ ಇಡೀ ಹೊಳೆಯಲ್ಲಿ ಕೂರದೆ ಉಳಿದವನು ಕಾನೂನು ಭಾವ ಒಬ್ಬನೇ. ಅವನು ಎದ್ದೂ ಇರಲಿಲ್ಲ. ತನ್ನ ಗಾಡಿಯ ಕೆಳಗೆ ಮಲಗಿದ್ದ.

ಮೇಡಂ ಕಾಡಿ ಬೇಡಿ ಇನ್ನೊಂದು ಅವಕಾಶ ಕೇಳಿಕೊಂಡರು. ಇದೇ ಕೊನೆ ಎಂದರು ಸಮಿತಿಯವರು. ಗಂಟಲಕ್ಕ ನಾದಿನಿಯ ಅಂಗಡಿಗೆ ಬಂದು ಬೆಂಚಿನ ಮೇಲೆ ಕುಸಿದಳು.

"ಅತ್ತಿಗೆ, ನೀನು ಸ್ವಲ್ಪ ಮೆತ್ತಗೆ ಹೇಳಿ ನೋಡು" ಎಂದಳು ನಾದಿನಿ.

"ಮೆತ್ತಗೆ ಹೇಳಿದ್ರೆ ಕೇಳಿಸೋದಿಲ್ಲ, ಜೋರಾಗಿ ಹೇಳಿದ್ರೆ ಕೂರ್ತಾರೆ. ಈ ಮಾರ್ಕೆಟ್ಟಿಗೆ ಬೇಲಿ ಬಿದ್ರೆ ನೀನು ಎಲ್ಲಿ ಒಲೆ ಹಚ್ತೀಯ? ನನ್ನ ತಲೆ ಮೇಲಾ?"

"ಜಾಗ ಇದ್ರೆ ಹಚ್ತೀನಿ, ಬಿಸಿ ಆಗಲೇ ಇದೆ" ಅಂದಳು ನಾದಿನಿ.

ಎರಡನೆಯ ಅಣಕಿಗೆ ದಿನ ಗೊತ್ತಾಗುವ ಮೊದಲೇ ಅಸಲಿ ಬಂತು. ಮೇಲೆ ಬೆಟ್ಟಗಳಲ್ಲಿ ಎರಡು ದಿನ ಮಳೆ ಹೊಡೆದಿತ್ತು. ನಮ್ಮಲ್ಲಿ ಒಂದು ಹನಿ ಇಲ್ಲ. ನೆತ್ತಿ ಸುಡುವ ಬಿಸಿಲು, ಬಟ್ಟೆ ಒಗೆಯುವವನು ಹೊಳೆಯ ಆ ಪುಟ್ಟ ಕಾಲುವೆಯಲ್ಲಿ ನೀರಿಲ್ಲ ಎಂದು ಬೆಳಗಿನಿಂದ ಗೊಣಗುತ್ತಿದ್ದ. ಮಧ್ಯಾಹ್ನ ಮೇಡಂ ಗಂಟಲಕ್ಕನಿಗೆ ಫೋನು ಮಾಡಿದರು. ನೀರು ಕೆಂಪು ಗೆರೆಯ ಹತ್ತಿರ ಬರುತ್ತಿದೆ, ಒಂದು ಗಂಟೆಯ ಮೇಲೆ ಹಿಡಿದಿಡಲು ಆಗುವುದಿಲ್ಲ, ಇದು ಆಟವಲ್ಲ.

ಗಂಟಲಕ್ಕ ವ್ಯಾನು ಹತ್ತಿ ದಡಕ್ಕೆ ಬಂದಳು. ಈ ಸಲ "ಹೋ" ಅನ್ನಲಿಲ್ಲ. ನೆಟ್ಟಗೆ ವಿಷಯಕ್ಕೆ ಬಂದಳು. "ಮೇಲೆ ಮಳೆ ಆಗಿದೆ. ಗೇಟು ತೆಗೀತಾರೆ. ನೀರು ಬರುತ್ತೆ, ಮೇಲೆ ಬನ್ನಿ!"

ಜನ ತಲೆಯೆತ್ತಿ ಆಕಾಶ ನೋಡಿದರು. ಆಕಾಶ ತೊಳೆದಿಟ್ಟಂತೆ ನೀಲಿಯಾಗಿತ್ತು.

"ಅಕ್ಕಾ, ಬಿಸಿಲಲ್ಲಿ ನಿಂತು ತಲೆ ತಿರುಗಿದ್ರೆ ಬಂದು ಒಂದು ಲೋಟ ನೀರು ಕುಡಿ" ಎಂದ ಚಪ್ಪಲಿ ಹೊಲಿಯುವವನು.

"ಕುಡಿಯೋಷ್ಟು ನೀರಿದ್ರೆ ನನಗೂ ಕೊಡು" ಎಂದ ಬಟ್ಟೆ ಒಗೆಯುವವನು.

"ಜಾಗ ಖಾಲಿ ಮಾಡಿ ಅಂತ ಕೈ ಮುಗೀತೀನಿ!"

"ಮಾಡೋದಿಲ್ಲ!" ಎಂದರು ಎಲ್ಲರೂ ಪ್ರೀತಿಯಿಂದ, ತಿರುಗಿಯೂ ನೋಡದೆ, ಕೈಯಲ್ಲಿ ತೂಗುತ್ತಿದ್ದ ತರಕಾರಿ ತೂಗುತ್ತಲೇ.

ಗಂಟಲಕ್ಕ ಮೈಕು ಕೆಳಗಿಟ್ಟಳು. ಅವಳ ಮುಖ ನೋಡಿ ಡ್ರೈವರ್ ಕಿವಿಯಿಂದ ಹತ್ತಿ ತೆಗೆದ. ಆಗ ಅವಳಿಗೆ ಏನು ಹೊಳೆಯಿತೋ ಏನೋ, ಮೈಕನ್ನು ಮತ್ತೆ ಎತ್ತಿಕೊಂಡು, ಆ ಹಳೆಯ ದನಿಯಲ್ಲಿ, ನಾನು ಎಷ್ಟೋ ವರ್ಷಗಳಿಂದ ಕೇಳದ ದನಿಯಲ್ಲಿ, ಕೂಗಿದಳು.

"ಅಣ್ಣಂದಿರಾ, ಅಕ್ಕಂದಿರಾ! ಇಲಾಖೆಯವರು ಮತ್ತೆ ಶುರು ಹಚ್ಚಿಕೊಂಡಿದ್ದಾರೆ! ಮಾರ್ಕೆಟ್ಟಿಗೆ ಬೇಲಿ ಹಾಕ್ತಾರಂತೆ! ಬಿಡ್ತೀವಾ?"

"ಬಿಡೋದಿಲ್ಲ!" ತಕ್ಕಡಿಗಳು ಕೆಳಗೆ ಬಿದ್ದವು.

"ಎಲ್ಲಿಗೆ ಹೋಗೋಣ?"

"ಆಫೀಸಿಗೆ!"

"ಏನು ಮಾಡೋಣ?"

"ಮುತ್ತಿಗೆ!"

"ಹೇಗೆ ಹೋಗೋಣ? ಗಾಡಿ ಸಮೇತ, ಬುಟ್ಟಿ ಸಮೇತ, ಮಕ್ಕಳು ಮರಿ ಸಮೇತ! ಒಂದು ಈರುಳ್ಳಿನೂ ಹಿಂದೆ ಬಿಡಬಾರದು! ನಡೀರಿ!"

ಡ್ರೈವರ್ ಅವಳ ಸೆರಗು ಜಗ್ಗಿದ. "ಅಕ್ಕಾ, ಇದು ಇಲಾಖೆ ವ್ಯಾನು. ಇಲಾಖೆ ಮೈಕು. ನನ್ನ ಕೆಲಸ ಹೋಗುತ್ತೆ!"

"ಸುಮ್ಮನೆ ಮುಂದೆ ಓಡಿಸು. ಮೆರವಣಿಗೆಗೆ ಮುಂದೆ ಒಂದು ವ್ಯಾನು ಬೇಕು."

ಇಲಾಖೆಯ ಆಫೀಸು ಗುಡ್ಡದ ಮೇಲಿತ್ತು. ಊರಲ್ಲೇ ಎತ್ತರದ ಜಾಗ. ಹೋಗುವ ದಾರಿಯಲ್ಲಿ ಅವಳು ಮೈಕು ಮುಚ್ಚಿ ಮೇಡಂಗೆ ಫೋನು ಮಾಡಿದಳು. ಅವಳ ಫೋನಿನ ಮಾತು ನಮಗೆಲ್ಲ ಕೇಳಿಸುತ್ತಿತ್ತು, ಆದರೆ ನಾವೇ ಕೂಗುತ್ತಿದ್ದೆವಾದ್ದರಿಂದ ಯಾರೂ ಗಮನಿಸಲಿಲ್ಲ.

"ಮೇಡಂ, ಜನ ನಿಮ್ಮ ಮೇಲೆ ಬರ್ತಿದ್ದಾರೆ. ಸ್ವಲ್ಪ ಬೈಸಿಕೊಳ್ಳಿ."

"ಬೈಸಿಕೊಳ್ಳೋದು ರೂಢಿ ಇದೆ. ಎಲ್ಲರೂ ಬರ್ತಿದ್ದಾರಾ?"

"ಎಲ್ಲರೂ. ಗಾಡಿ ಸಮೇತ."

"ಹಾಗಾದ್ರೆ ಗೇಟು ತೆಗೆದಿಡ್ತೀನಿ. ಆಫೀಸಿಂದು."

ಅಷ್ಟು ಶಿಸ್ತಿನ ಮೆರವಣಿಗೆಯನ್ನು ನಾನು ಮತ್ತೆ ನೋಡಿಲ್ಲ. ಗಾಡಿಗಳು ಇಳಿಜಾರು ಹತ್ತುವಾಗ ಹಿಂದಿನವರು ತಳ್ಳಿದರು. ನಾದಿನಿ ಉರಿಯುವ ಒಲೆಯನ್ನೇ ಇಬ್ಬರ ಕೈಲಿ ಹೊರಿಸಿಕೊಂಡು ಬಂದಳು, ಮುತ್ತಿಗೆ ಎಷ್ಟು ಹೊತ್ತು ಎಳೆಯುತ್ತದೋ, ಚಹಾ ಬೇಕಲ್ಲ. ಆಫೀಸಿನ ಅಂಗಳ ತುಂಬಿತು. ಮೇಡಂ ಜಗಲಿಗೆ ಬಂದು ಕೈ ಕಟ್ಟಿ ನಿಂತರು. ನಾವು ಧಿಕ್ಕಾರ ಕೂಗಿದೆವು. ಕೂಗಿ ಕೂಗಿ ಸ್ವಲ್ಪ ಸುಸ್ತಾದ ಮೇಲೆ ಮೇಡಂ ಕೇಳಿದರು. "ಬೇಲಿ ವಿಷಯ ಸಮಿತಿ ಮುಂದೆ ಇದೆ, ನಾನು ನಿಮ್ಮ ಪರವೇ ಹೇಳಿದ್ದೀನಿ. ಬೇರೆ ಏನು ಬೇಡಿಕೆ?"

ಅವಸರದಲ್ಲಿ ಬೇರೆ ಬೇಡಿಕೆ ಯಾರೂ ತಂದಿರಲಿಲ್ಲ. ಚಪ್ಪಲಿ ಹೊಲಿಯುವವನು ಬಡಾವಣೆಗೆ ಬಸ್ಸು ಬೇಕೆಂದ. ಒಬ್ಬ ಮುದುಕ ಅಣೆಕಟ್ಟು ಕಿತ್ತುಹಾಕಬೇಕೆಂದ, ಅದು ಹಳೆಯ ಬೇಡಿಕೆ, ಬಾಕಿ ಇದೆ. ಆಗ ಬಟ್ಟೆ ಒಗೆಯುವವನು ಗಾಡಿಯ ಮೇಲೆ ಹತ್ತಿ ನಿಂತ.

"ಹೊಳೆಯಲ್ಲಿ ಒಂದು ಅಂಗಿ ನೆನೆಸೋಕೆ ನೀರಿಲ್ಲ! ಹೊಳೆಗೆ ನೀರು ಬಿಡಿ!"

ಜನರಿಗೆ ದಾರಿ ಸಿಕ್ಕಿತು. "ನೀರು ಬಿಡಿ! ನೀರು ಬಿಡಿ!"

ಮೇಡಂ ಕನ್ನಡಕ ಸರಿಮಾಡಿಕೊಂಡರು. ಬಾಯಿಯ ಒಂದು ಮೂಲೆ ಸ್ವಲ್ಪ ನಡುಗಿತು. "ಆಯ್ತು. ಬಿಡ್ತೀನಿ" ಎಂದರು.

ನಮಗೆ ಏನು ಮಾಡಬೇಕೆಂದೇ ತೋಚಲಿಲ್ಲ. ನಮ್ಮ ಚಳವಳಿಯ ಇತಿಹಾಸದಲ್ಲಿ ಒಂದು ಬೇಡಿಕೆಯನ್ನು ಹೀಗೆ ನಿಂತಕಾಲಲ್ಲಿ ಒಪ್ಪಿದ್ದೇ ಇಲ್ಲ. ಸೋಲುವುದು ಗೊತ್ತಿತ್ತು, ಗೆದ್ದರೆ ಕೈ ಎಲ್ಲಿ ಇಟ್ಟುಕೊಳ್ಳಬೇಕೆಂದು ಗೊತ್ತಿರಲಿಲ್ಲ. ಅಷ್ಟರಲ್ಲಿ ಜಗಲಿಯ ಕೊನೆಯಲ್ಲಿ ನಿಂತು ದುರ್ಬೀನಿನಲ್ಲಿ ಹೊಳೆ ನೋಡುತ್ತಿದ್ದ ಕಾವಲುಗಾರ ಕೂಗಿದ. "ಮೇಡಂ, ಒಬ್ಬ ಇದ್ದಾನೆ! ಗಾಡಿ ಕೆಳಗೆ ಮಲಗಿದ್ದಾನೆ!"

ಗಂಟಲಕ್ಕ ದುರ್ಬೀನು ಕಿತ್ತುಕೊಳ್ಳಲೂ ಇಲ್ಲ. ಯಾರೆಂದು ಅವಳಿಗೆ ಗೊತ್ತಾಯಿತು. ಇಡೀ ಊರು ಸರ್ಕಾರದ ವಿರುದ್ಧ ಹೊರಟರೆ ಹಿಂದೆ ಉಳಿಯುವ ಮನುಷ್ಯ ಒಬ್ಬನೇ.

"ಎಷ್ಟು ಹೊತ್ತು ಇದೆ ಮೇಡಂ?"

"ಗೆರೆಗೆ ಒಂದು ಗೇಣು ಬಾಕಿ. ಬೇಗ ಹೋಗಿ."

ಅವಳು ವ್ಯಾನು ಹತ್ತಿದಳು. ನಾನೂ ಹತ್ತಿದೆ, ಇಳಿಜಾರಿನಲ್ಲಿ ಗಾಡಿ ತಳ್ಳಲು ಯಾರಾದರೂ ಬೇಕಾದೀತು ಎಂದು. ಹಿಂದೆ ಅಂಗಳದಲ್ಲಿ ಜನ ಏನೂ ತಿಳಿಯದೆ, ಮೇಡಂ ತಡಮಾಡುತ್ತಿದ್ದಾರೆಂದು ಸಿಟ್ಟಿಗೆದ್ದು ಕೂಗುತ್ತಿದ್ದರು. "ಮೋಸ! ಮೋಸ! ಈಗಲೇ ಬಿಡಿ! ಈಗಲೇ ಬಿಡಿ!" ಗಂಟಲಕ್ಕ ವ್ಯಾನಿನ ಕಿಟಕಿಯಿಂದ ತಲೆ ಹೊರಹಾಕಿ "ಬಿಡಬೇಡ್ರೋ, ಮುಂಡೇವಾ, ನನ್ನ ಗಂಡ ಇದ್ದಾನೆ!" ಎಂದಳು. ಅದೇ ಮೊದಲ ಸಲ ಅವಳ ದನಿ ಯಾರಿಗೂ ಕೇಳಿಸಲಿಲ್ಲ.

ವ್ಯಾನನ್ನು ದಡದ ಮೇಲೆ ಬಿಟ್ಟು ಓಡಿ ಇಳಿದೆವು. ಕಾನೂನು ಭಾವನ ಗಾಡಿ ಹೊಳೆಯ ಎಲ್ಲಕ್ಕಿಂತ ತಗ್ಗಿನಲ್ಲಿತ್ತು, ಅಲ್ಲಿ ನೆರಳು ಚೆನ್ನಾಗಿದೆ ಎಂದು. ಚಕ್ರದ ಕೆಳಗೆ ಕಲ್ಲು ಕೊಟ್ಟು, ಚಾದರ ಹಾಸಿ, ಮುಖದ ಮೇಲೆ ಟವೆಲು ಮುಚ್ಚಿಕೊಂಡು ಮಲಗಿದ್ದ. ಹೆಂಡತಿ ಟವೆಲು ಎಳೆದಳು.

"ರೀ, ಏಳ್ರೀ. ನೀರು ಬಿಡ್ತಾರೆ."

"ನಾನು ಮುತ್ತಿಗೆಗೆ ಬರೋನಲ್ಲ. ನಿನಗೆ ಗೊತ್ತಲ್ಲ."

"ಮುತ್ತಿಗೆ ಅಲ್ಲ ರೀ, ನೀರು!"

"ಆಫೀಸಿನವರು ಹೇಳಿದ್ರಾ?"

"ನಾನೇ ಆಫೀಸಿನವಳು ಕಣ್ರೀ! ತಿಂಗಳು ತಿಂಗಳು ಸಂಬಳ ಯಾರು ಕೊಡ್ತಾರೆ ಅಂದುಕೊಂಡಿದ್ದೀರಿ?"

ಅವನು ಮೊಣಕೈ ಊರಿ ಎದ್ದು ಕೂತು, ತಾಳ್ಮೆಯಿಂದ ವಿವರಿಸಿದ. "ನೋಡು, ಈಗಷ್ಟೇ ನೀನು ಇಲಾಖೆ ಮೈಕಲ್ಲಿ ಇಲಾಖೆ ವಿರುದ್ಧ ಕೂಗಿದೆ. ನನ್ನ ಕಿವಿಯಲ್ಲೇ ಕೇಳಿದೆ. ಆಫೀಸಿನವಳು ಹಾಗೆ ಕೂಗ್ತಾಳಾ? ಯಾರಾದ್ರೂ ಜವಾಬ್ದಾರಿ ಇರೋರು ಬಂದು ಹೇಳಲಿ, ಏಳ್ತೀನಿ."

ವಾದದಲ್ಲಿ ಅವನನ್ನು ಗೆದ್ದವರಿಲ್ಲ. ಗಂಟಲಕ್ಕ ಅವನ ಮುಖವನ್ನೊಮ್ಮೆ ನೋಡಿದಳು. ಆಮೇಲೆ ಚಕ್ರದ ಕೆಳಗಿನ ಕಲ್ಲನ್ನು ಕಾಲಿಂದ ಒದ್ದು, ಗಾಡಿಯ ಹಿಡಿ ಹಿಡಿದು ತಳ್ಳಿಕೊಂಡು ಓಡಿದಳು. ಗಾಡಿಯಲ್ಲಿ ಅವನ ಅರಗಳು, ಸುತ್ತಿಗೆ, ಕೀಲಿಕೈಗಳ ಗೊಂಚಲುಗಳು, ರಿಪೇರಿಗೆ ಬಂದ ಊರವರ ಬೀಗಗಳು, ಎಲ್ಲ ಇದ್ದವು. ಬೀಗವೆಲ್ಲ ಊರವರ ನಂಬಿಕೆ. ಅವನು ಒಂದು ಕ್ಷಣ ಬಾಯಿ ಬಿಟ್ಟುಕೊಂಡು ನೋಡಿದ. ಆಮೇಲೆ ಎದ್ದ. ಅವನು ಓಡಿದ್ದನ್ನು ನಾನು ಹುಟ್ಟಿದಾಗಿನಿಂದ ನೋಡಿರಲಿಲ್ಲ.

"ನಿಲ್ಸೇ! ಗಿರಾಕಿಗಳ ಬೀಗ ಕಣೇ ಅದು! ಕಳ್ಳತನ ಆಗುತ್ತೆ! ನಿಲ್ಸು!"

ಗಂಟಲಕ್ಕ ನಿಲ್ಲಿಸಲಿಲ್ಲ. ಇಳಿಜಾರಿನಲ್ಲಿ ನಾನು ಮತ್ತು ಡ್ರೈವರ್ ಆ ಕಡೆ ಈ ಕಡೆ ಕೈ ಕೊಟ್ಟೆವು. ಬೀಗಗಳು ಗಲಗಲ ಅನ್ನುತ್ತಿದ್ದವು. ಹಿಂದೆ ಅವನು ಮುಷ್ಟಿ ಎತ್ತಿ ಆಡಿಸುತ್ತಾ, ಟವೆಲು ಹಾರಿಸುತ್ತಾ, "ಅನ್ಯಾಯ! ಅನ್ಯಾಯ!" ಎಂದು ಕೂಗಿಕೊಂಡು ಬರುತ್ತಿದ್ದ. ಗುಡ್ಡದ ಅಂಚಿಗೆ ಬಂದು ಇಣುಕುತ್ತಿದ್ದ ಜನ ಇದನ್ನು ಕಂಡರು. ಕಾನೂನು ಭಾವ! ಮುಷ್ಟಿ ಎತ್ತಿ! ಇಡೀ ಅಂಗಳ ಗುಡುಗಿತು.

"ಅನ್ಯಾಯ! ಅನ್ಯಾಯ! ಭಾವನಿಗೆ ಜಯವಾಗಲಿ!"

ಅಂಗಳ ಮುಟ್ಟಿದ್ದೇ ತಡ, ಅವನನ್ನು ಇಬ್ಬರು ಎತ್ತಿ ಹೆಗಲ ಮೇಲೆ ಕೂರಿಸಿಕೊಂಡರು. ಅವನು "ಇಳಿಸ್ರೋ, ಇಳಿಸ್ರೋ" ಅನ್ನುತ್ತಿದ್ದಂತೆಯೇ ಮೇಡಂ ಒಳಗೆ ಹೋಗಿ ಗೇಟಿನವರಿಗೆ ಆದೇಶ ಕೊಟ್ಟರು.

ಮೊದಲು ಸದ್ದು ಬಂತು. ಲಾರಿ ಕಲ್ಲು ಸುರಿಯುವಂಥ ಸದ್ದು, ಆದರೆ ನಿಲ್ಲದ್ದು. ಆಮೇಲೆ ತಿರುವಿನಿಂದ ಕಂದು ನೀರು ಬಂತು. ಅದು ನೀರಿನಂತೆ ಕಾಣಲಿಲ್ಲ, ನೆಲವೇ ಎದ್ದು ನಡೆದಂತೆ ಕಂಡಿತು. ನಾದಿನಿಯ ಅಂಗಡಿಯ ಕಂಬಗಳು ಹೋದವು, ಬೆಂಚುಗಳು ಹೋದವು. ಅಣಕಿನ ದಿನ ನಾವು ಸಾಲಾಗಿ ಕೂತಿದ್ದ ಜಾಗದ ಮೇಲೆ ಒಂದು ಮರ ಬೇರು ಸಮೇತ ಉರುಳಿಕೊಂಡು ಹೋಯಿತು. ಭಾವನ ಚಾದರ ಒಂದು ಸಲ ಬಿಳಿಯಾಗಿ ಮೇಲೆ ಕಂಡು ಮುಳುಗಿತು. ಹೆಗಲ ಮೇಲಿದ್ದವನನ್ನು ಮೆಲ್ಲಗೆ ಕೆಳಗಿಳಿಸಿದರು.

ಬಟ್ಟೆ ಒಗೆಯುವವನು ಸಣ್ಣ ದನಿಯಲ್ಲಿ ಅಂದ. "ನಾನು ಇಷ್ಟೊಂದು ಕೇಳಿರಲಿಲ್ಲ."

ಸಮಿತಿ ಮತ್ತೆ ಬಂತು. ಹೊಳೆ ಪೂರ್ತಿ ಖಾಲಿಯಾಗಿತ್ತು, ಒಂದು ಈರುಳ್ಳಿಯೂ ಹೋಗಿರಲಿಲ್ಲ. ಹೇಗೆ ಸಾಧ್ಯವಾಯಿತೆಂದು ಕೇಳಿದಾಗ ಮೇಡಂ ಮುಖ ಗಂಭೀರ ಮಾಡಿಕೊಂಡು "ಸ್ಥಳೀಯ ವಿಧಾನ" ಎಂದರಂತೆ. ಮಾರ್ಕೆಟ್ಟು ಉಳಿಯಿತು. ಹೊಳೆಯ ಎತ್ತರದ ಅಂಚಿನಲ್ಲಿ ಮಾತ್ರ ಅಂಗಡಿ ಇಡಬೇಕು, ಮಳೆಗಾಲದಲ್ಲಿ ಇಡಬಾರದು, ಗಾಡಿ ಹತ್ತಲು ಇಳಿಜಾರನ್ನು ಅಗಲ ಮಾಡಬೇಕು ಎಂದು ಕಟ್ಟಳೆ ಮಾಡಿದರು. ನಡುವಿನ ಗೇಟಿಗೆ ರಿಪೇರಿ ಶುರುವಾಯಿತು. ತೀರ ತಗ್ಗಿನ ಪಟ್ಟಿಗೆ ಮಾತ್ರ ಬೇಲಿ ಬಿತ್ತು.

ಅಂದರೆ ಬೀಗದ ಗಾಡಿಯ ಜಾಗಕ್ಕೆ. ಭಾವನಿಗೆ ಇಲಾಖೆಯವರು ಬದಲಿ ಜಾಗ ಕೊಟ್ಟರು, ಆಫೀಸಿನ ಗೋಡೆಯ ಪಕ್ಕ, ಗುಡ್ಡದ ನೆತ್ತಿಯಲ್ಲಿ. ನೆರಳಿಲ್ಲ, ಗಿರಾಕಿ ಹತ್ತುವುದಿಲ್ಲ, ಮಧ್ಯಾಹ್ನ ಗಾಡಿಯ ಕೆಳಗಿನ ನೆಲ ಹೆಂಚಿನಂತೆ ಕಾಯುತ್ತದೆ. ಒಂದು ವಾರ ಅವನು ಬಾಯಿ ಬಿಡದೆ ಸಹಿಸಿದ. ಆಮೇಲೆ ಒಂದು ಸಂಜೆ, ನಾನು ಅವರ ಮನೆಯಲ್ಲೇ ಕೂತಿದ್ದೆ, ಅವನು ಅರ ಉಜ್ಜುತ್ತಾ ಉಜ್ಜುತ್ತಾ, ತಲೆ ಎತ್ತದೆ ಹೆಂಡತಿಯನ್ನು ಕೇಳಿದ.

"ಈ ಧರಣಿ ಕೂರಬೇಕು ಅಂದ್ರೆ ಮೊದಲು ಯಾರ ಹತ್ತಿರ ಅನುಮತಿ ತಗೋಬೇಕು?"

ಗಂಟಲಕ್ಕ ಅವನನ್ನು ನೋಡಿದಳು. "ನನ್ನ ಹತ್ತಿರ" ಅಂದಳು. ಪಕ್ಕದ ಮನೆಯವರು ಬಾಗಿಲು ತೆಗೆದ ಸದ್ದು ಕೇಳಿಸಿತು.